ಕಾವಲಿನವನ ನಿದ್ದೆ

ನನ್ನ ಚಿಕ್ಕಪ್ಪ ಹನ್ನೊಂದು ವರ್ಷದಿಂದ ರಾತ್ರಿ ಹೊತ್ತು ಮಲಗಿದವನಲ್ಲ. ಹಿರೇನಲ್ಲೂರಿನಿಂದ ಆಚೆಗೆ ಒಬ್ಬ ಯಜಮಾನರ ತೆಂಗು-ಅಡಿಕೆ ತೋಟ ಇದೆ. ಅಲ್ಲಿ ಅವನು ರಾತ್ರಿ ಕಾವಲು. ಸಂಜೆ ಮುದ್ದೆ ಉಂಡು ಕಂಬಳಿ ಹೆಗಲಿಗೆ ಹಾಕಿಕೊಂಡು ಹೋದರೆ ಬರೋದು ಬೆಳಿಗ್ಗೆ ಏಳಕ್ಕೆ. ಬಂದು ಜಗಲಿ ಮೇಲೆ ಒಂದೆರಡು ಗಂಟೆ ಒರಗುತ್ತಾನೆ. ಆಮೇಲೆ ಎಲ್ಲಾದರೂ ಕೂಲಿ ಸಿಕ್ಕರೆ ಕೂಲಿ. ಅವನ ಕಣ್ಣು ಸದಾ ಕೆಂಪಗಿರುತ್ತೆ. ಊರವರು ನೋಡಿ "ಕುಡ್ದವ್ನೆ" ಅಂತಾರೆ. ಚಿಕ್ಕಪ್ಪ ಕುಡಿಯೋದಿಲ್ಲ.

ಹೋದ ವರ್ಷ ಮಳೆಗಾಲ ಮುಗಿಯೋ ಹೊತ್ತಿನಲ್ಲಿ ಒಂದು ರಾತ್ರಿ ಅವನಿಗೆ ಕಣ್ಣು ಹತ್ತಿತು. ಎಷ್ಟು ಹೊತ್ತೋ ಅವನಿಗೇ ಗೊತ್ತಿಲ್ಲ. ಎದ್ದು ನೋಡಿದರೆ ಬೋರಿನ ಕೇಬಲ್ಲನ್ನು ಯಾರೋ ಕೊಯ್ದುಕೊಂಡು ಹೋಗಿದ್ದರು. ಗುಜರಿಯಲ್ಲಿ ತಾಮ್ರಕ್ಕೆ ಒಳ್ಳೆ ಬೆಲೆ. ಯಜಮಾನರು ಪೊಲೀಸರ ಹತ್ತಿರ ಹೋಗಲಿಲ್ಲ, ಲೆಕ್ಕದ ಪುಸ್ತಕ ತೆಗೆದರು. ಮೂರು ತಿಂಗಳ ಸಂಬಳ ಹಿಡಿದರು. "ನಿದ್ದೆ ಮಾಡಾಕೆ ನಿಂಗೆ ಸಂಬಳ ಕೊಡ್ಬೇಕೇನ್ಲಾ?" ಅಂದರಂತೆ.

ಈ ಮಾತನ್ನು ಓದುಗ ಗೆಳೆಯರು ಸ್ವಲ್ಪ ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ನಮ್ಮ ಕಡೂರು ಸೀಮೆಯಲ್ಲಿ ಕಾವಲು ಅನ್ನೋ ಮಾತಿಗೆ ಎರಡು ಅರ್ಥ. ಒಂದು, ಮೈಸೂರು ಅರಸರು ಅಮೃತಮಹಲ್ ದನಗಳಿಗೆ ಬಿಟ್ಟ ಹುಲ್ಲುಗಾವಲು. ಬೀರೂರು, ಅಜ್ಜಂಪುರದ ಕಡೆ ಹೋದವರಿಗೆ ಇದು ಗೊತ್ತು. ಬಾಸೂರು ಕಾವಲನ್ನು 2011ರಲ್ಲಿ ಸರ್ಕಾರ ಕೃಷ್ಣಮೃಗಗಳಿಗೆ ಅಂತ ಮೀಸಲು ಮಾಡಿತು. ಜಿಂಕೆಗೆ ಮಲಗಲು ಜಾಗ ಆಯಿತು, ಸಂತೋಷ. ಇನ್ನೊಂದು ಕಾವಲು ನಮ್ಮದು. ನನ್ನ ತಾತ ತೋಟಿ. ಊರಿಗೆ ಯಾರು ಬಂದರು, ಯಾರು ಹೋದರು, ಕಣದ ರಾಗಿ ಬಣವೆ ಹತ್ತಿರ ಯಾರು ಸುಳಿದರು ಅಂತ ರಾತ್ರಿಯೆಲ್ಲಾ ನೋಡೋದು ಅವನ ಕೆಲಸ. ಸಂಬಳ ಅಂತ ಇಲ್ಲ, ಸುಗ್ಗಿಯಲ್ಲಿ ಕಣದ ಮೂಲೆಯಲ್ಲಿ ಕೊಡುವ ಆಯ. ಆಯ ಅಳೆಯುವಾಗ ಮೊರ ದೂರದಿಂದ ಒಡ್ಡಬೇಕು. ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1961ರಲ್ಲಿ ಆಯಿತು, 1963ರಲ್ಲಿ ಜಾರಿಗೆ ಬಂತು. ಹುದ್ದೆ ಹೋಯಿತು. ರಾತ್ರಿ ಮಾತ್ರ ನಮ್ಮ ಮನೆಗೇ ಉಳಿಯಿತು. ಚಿಕ್ಕಪ್ಪ ಹತ್ತು ವರ್ಷದ ಹುಡುಗನಾಗಿದ್ದಾಗಲೇ ಜೀತಕ್ಕೆ ಬಿದ್ದವನು. 1976ರಲ್ಲಿ ಜೀತ ರದ್ದತಿ ಕಾಯ್ದೆ ಬಂದಾಗ ಅವನಿಗೆ ಹದಿಮೂರು. ಕಾಯ್ದೆ ಬಂದಿದೆ ಅಂತ ಅವನಿಗೆ ತಿಳಿದದ್ದು ಹದಿನೇಳರಲ್ಲಿ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನು. ಶಾಲೆಗೆ ಒಂದು ಪೆಟ್ಟಿಗೆ ಬಂದಿತ್ತು. ಅದರಲ್ಲಿ ಆರ್ಡುಯಿನೊ ಬೋರ್ಡುಗಳು, ತರಾವರಿ ಸೆನ್ಸರುಗಳು. ಈ ಆರ್ಡುಯಿನೊ ಹುಟ್ಟಿದ್ದು 2005ರಲ್ಲಿ, ಇಟಲಿಯ ಇವ್ರಿಯಾ ಎಂಬ ಊರಿನಲ್ಲಿ. ವಿದ್ಯಾರ್ಥಿಗಳ ಕೈಗೆ ಅಗ್ಗದಲ್ಲಿ ಸಿಗಲಿ ಅಂತ ಮಾಡಿದವರು ಅದರ ನಕ್ಷೆಯನ್ನೇ ಬಯಲಿಗೆ ಬಿಟ್ಟರು. ಯಾರು ಬೇಕಾದರೂ ನೋಡಬಹುದು, ನಕಲು ಮಾಡಬಹುದು. ವಿದ್ಯೆಯನ್ನು ಬಚ್ಚಿಡುವುದೇ ದೊಡ್ಡತನ ಅಂತ ತಿಳಿದ ದೇಶದಲ್ಲಿ ಹುಟ್ಟಿದ ನನಗೆ ಅದರ ಯಂತ್ರಕ್ಕಿಂತ ಆ ನಡತೆಯೇ ಹೆಚ್ಚು ಹಿಡಿಸಿತು.

ಚಿಕ್ಕಪ್ಪನ ಬದಲು ಎಚ್ಚರ ಇರುವ ಒಂದು ಯಂತ್ರ ಮಾಡಬೇಕು, ಅವನು ಮಲಗಬೇಕು. ಇದು ನನ್ನ ತಲೆಗೆ ಹೊಕ್ಕ ಹುಳ. ತೋಟದ ಬೇಲಿಯಲ್ಲಿ ಒಳಗೆ ಬರುವ ದಾರಿ ಒಂದೇ, ಉಣಗೋಲಿನ ಹತ್ತಿರ. ಅಲ್ಲಿ ಚಲನೆ ಕಾಣುವ ಸೆನ್ಸರು, ಗುಡಿಸಲಲ್ಲಿ ಒಂದು ಬಜರು, ನಡುವೆ ತಂತಿ. ಯಾರಾದರೂ ನುಗ್ಗಿದರೆ ಗುಡಿಸಲಲ್ಲಿ ಸದ್ದು.

ಈ ಸೆನ್ಸರಿಗೆ ಪಿಐಆರ್ ಅಂತ ಹೆಸರು. ನೂರು ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತೆ. ಬಿಸಿ ಮೈ ಇರುವ ಜೀವವೆಲ್ಲ ಕಣ್ಣಿಗೆ ಕಾಣದ ಅವಕೆಂಪು ಕಿರಣ ಸೂಸುತ್ತೆ. ಸೆನ್ಸರಿನ ಒಳಗೆ ಎರಡು ಭಾಗ. ಬಿಸಿ ಒಂದು ಭಾಗದಿಂದ ಇನ್ನೊಂದಕ್ಕೆ ಸರಿದರೆ 'ಯಾರೋ ಹೋದರು' ಅಂತ ಅದಕ್ಕೆ ತಿಳಿಯುತ್ತೆ. ಕಿರಣ ಬಿಡೋದಿಲ್ಲ, ಬಂದದ್ದನ್ನು ಹಿಡಿಯುತ್ತೆ ಅಷ್ಟೆ. ತರಗತಿಯಲ್ಲಿ ಇದನ್ನು ವಿವರಿಸಿದಾಗ ನಮ್ಮ ಕೇರಿಯ ಒಬ್ಬ ಹುಡುಗಿ ಕೇಳಿದಳು: "ಸಾರ್, ಹಂಗಾರೆ ಅದ್ಕೆ ಯಾರು ಅಂತ ಗೊತ್ತಾಗಲ್ವಾ? ಬರೀ ಬಿಸಿ ಗೊತ್ತಾಗುತ್ತಾ?" ಹೌದು ಅಂದೆ. "ಒಳ್ಳೇದೇ ಬಿಡಿ" ಅಂದಳು. ಇದೇ ಜಾತಿಯ ಸೆನ್ಸರನ್ನೇ ಕಾಡಿನ ಮರಗಳಿಗೆ ಕಟ್ಟುವ ಕ್ಯಾಮೆರಾಗಳಲ್ಲೂ ಇಟ್ಟಿರುತ್ತಾರೆ. 2006ರ ದೇಶವ್ಯಾಪಿ ಹುಲಿ ಎಣಿಕೆಯಿಂದ ಈಚೆಗೆ ಇಂಥ ಕ್ಯಾಮೆರಾಗಳ ಹೆಸರು ಎಲ್ಲರೂ ಕೇಳಿದ್ದಾರೆ. ಪಕ್ಕದ ಭದ್ರಾ ಕಾಡಿನ ಹುಲಿಯ ಲೆಕ್ಕವೂ ಹಾಗೇ ಆಗುವುದು. ಆ ಕ್ಯಾಮೆರಾಗಳು ನಾಲ್ಕಾರು ಸೆಲ್ಲಿನಲ್ಲಿ ವಾರಗಟ್ಟಲೆ ಕಾಯುತ್ತವೆ.

ನನ್ನ ಯಂತ್ರ ಒಂದು ರಾತ್ರಿಯೂ ಕಾಯಲಿಲ್ಲ. ಆಯತಾಕಾರದ 9 ವೋಲ್ಟಿನ ಬ್ಯಾಟರಿ ಹಾಕಿ ಸಂಜೆ ಇಟ್ಟು ಬಂದೆ. ಕೋಳಿ ಕೂಗೋ ಮೊದಲೇ ಸತ್ತಿತ್ತು. ಚಿಕ್ಕಪ್ಪ ಬೆಳಿಗ್ಗೆ ತಂದು ಕೈಗೆ ಕೊಟ್ಟ. "ಲೋ ಮಗ, ನಿನ್ನ ಕಾವಲಿನೋನು ನಂಗಿಂತ ಮೊದ್ಲೇ ಮಲಗ್ದ ಕಣ್ಲಾ" ಅಂದ. ಅಪರೂಪಕ್ಕೆ ನಕ್ಕ.

ಮೀಟರು ಹಿಡಿದು ನೋಡಿದೆ. 45 ಮಿಲಿ ಆಂಪಿಯರಿನ ಮೇಲೆ ಎಳೆಯುತ್ತಿತ್ತು. ಆ ಬ್ಯಾಟರಿಯಲ್ಲಿ ಇರೋದೇ ಸುಮಾರು 500 ಮಿಲಿ ಆಂಪಿಯರ್-ಗಂಟೆ. ಭಾಗಿಸಿದರೆ ಹತ್ತು ಹನ್ನೊಂದು ಗಂಟೆ, ಬಜರು ಕೂಗಿದ್ದು ಬೇರೆ. ಲೆಕ್ಕ ಸರಿಯಾಗಿಯೇ ಇತ್ತು. ತಪ್ಪು ಇದ್ದದ್ದು ನಾನು ಬರೆದ ಪ್ರೋಗ್ರಾಮಿನಲ್ಲಿ.

ಪುಸ್ತಕದ ಮೊದಲ ಪಾಠದಲ್ಲಿ ಹೇಳಿಕೊಡುವ ಹಾಗೆಯೇ ಬರೆದಿದ್ದೆ. ಚಿಪ್ಪು ಸೆನ್ಸರಿನ ಪಿನ್ನನ್ನು ಓದುತ್ತೆ. ಯಾರೂ ಇಲ್ಲ. ಮತ್ತೆ ಓದುತ್ತೆ. ಯಾರೂ ಇಲ್ಲ. ಮತ್ತೆ ಓದುತ್ತೆ. ಆ ಚಿಪ್ಪಿನ ಗಡಿಯಾರ ಸೆಕೆಂಡಿಗೆ 1 ಕೋಟಿ 60 ಲಕ್ಷ ಸಲ ಮಿಡಿಯುತ್ತೆ. ರಾತ್ರಿಯೆಲ್ಲಾ 'ಬಂದ್ರಾ? ಬಂದ್ರಾ? ಬಂದ್ರಾ?' ಅಂತ ಕೇಳೋದೇ ಅದರ ಕೆಲಸ. ಇದು ನನಗೆ ಎಲ್ಲೋ ಕಂಡ ಹಾಗಿತ್ತು. ನನ್ನ ತಾತನೂ ಹೀಗೇ ಕಾದವನು, ಚಿಕ್ಕಪ್ಪನೂ ಹೀಗೇ. ಯಾರೂ ಬಾರದ ಮುನ್ನೂರ ಅರವತ್ತು ರಾತ್ರಿಗೂ ಕಣ್ಣು ತೆರೆದೇ ಇರಬೇಕು, ಬರುವ ನಾಲ್ಕೈದು ರಾತ್ರಿಗಳಿಗಾಗಿ.

ಹೋಗಲಿ, ಒಂದು ಸಲ ನೋಡಿ ಒಂದು ಸೆಕೆಂಡು ಸುಮ್ಮನಿರು ಅಂತ 'ಡಿಲೇ' ಹಾಕಿದೆ. ಮೀಟರಿನ ಮುಳ್ಳು ಅಲ್ಲಾಡಲಿಲ್ಲ. ಯಾಕೆ ಅಂದರೆ ಡಿಲೇ ಅನ್ನೋದು ನಿದ್ದೆಯಲ್ಲ. ಸುಮ್ಮನೆ ಕೂತು ಎಣಿಸುವುದು. ಕಣ್ಣು ಮುಚ್ಚದೆ ಒಂದು, ಎರಡು, ಮೂರು ಅಂತ ಎಣಿಸುತ್ತಾ ಕೂತವನಿಗೆ ದಣಿವು ಎಲ್ಲಿ ಕಮ್ಮಿಯಾಗುತ್ತೆ? ಈ ತಪ್ಪನ್ನು ನಮ್ಮ ಮಕ್ಕಳು ಬಹಳ ಮಾಡುತ್ತಾರೆ. ಹೇಳಿಕೊಡುವ ಮೇಷ್ಟ್ರುಗಳು ದಯವಿಟ್ಟು ಇದನ್ನು ಗಮನಿಸಬೇಕು.

ನಿಜವಾದ ನಿದ್ದೆ ಬೇರೆ ಇದೆ. ಈ ಅಟ್‌ಮೆಗಾ 328 ಚಿಪ್ಪಿಗೆ 'ಪವರ್ ಡೌನ್' ಎಂಬ ಒಂದು ಸ್ಥಿತಿ ಉಂಟು. ಅದರಲ್ಲಿ ಮುಖ್ಯ ಗಡಿಯಾರವೇ ನಿಂತು ಹೋಗುತ್ತೆ. ಪೂರಾ ಸತ್ತ ಹಾಗೆ. ಆದರೆ ಒಂದು ಪಿನ್ನಿನ ಮೇಲೆ ಮಾತ್ರ ಕಿವಿ ಇಟ್ಟಿರುತ್ತೆ. ಸೆನ್ಸರು ಆ ಪಿನ್ನನ್ನು ತಟ್ಟಿದರೆ ತಟಕ್ಕನೆ ಏಳುತ್ತೆ, ಬಜರು ಕೂಗಿಸುತ್ತೆ, ಮತ್ತೆ ಮಲಗುತ್ತೆ. ಇದಕ್ಕೆ ಇಂಟರಪ್ಟ್ ಅನ್ನುತ್ತಾರೆ. ನಾವು ಹೋಗಿ ಕೇಳೋದಲ್ಲ, ಬಂದವರೇ ಬಾಗಿಲು ಬಡಿಯೋದು.

ಹಾಗೇ ಬರೆದೆ. ಮೀಟರು 45ರಿಂದ ಮೂವತ್ತರ ಹತ್ತಿರಕ್ಕೆ ಇಳಿಯಿತು. ಅಷ್ಟೇ. ಚಿಪ್ಪು ಮಲಗಿದೆ, ಮತ್ತೆ ಇಷ್ಟೊಂದನ್ನು ಉಣ್ಣುತ್ತಿರುವವರು ಯಾರು? ಎರಡು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಗೊತ್ತಾಯಿತು. ಬೋರ್ಡಿನ ಮೇಲೆ ಕಂಪ್ಯೂಟರಿನ ಜೊತೆ ಮಾತಾಡಲು ಇನ್ನೊಂದು ಚಿಪ್ಪು ಇದೆ, ವೋಲ್ಟೇಜು ಇಳಿಸುವ ರೆಗ್ಯುಲೇಟರು ಇದೆ, 'ನಾನು ಇದೀನಿ' ಅಂತ ತೋರಿಸಲು ಸದಾ ಉರಿಯುವ ಒಂದು ಪುಟಾಣಿ ದೀಪ ಇದೆ. ದುಡಿಯುವವನು ಮಲಗಿದ್ದಾನೆ, ಗುಮಾಸ್ತ, ಮೇಸ್ತ್ರಿ, ಬೀದಿ ದೀಪ ಕೂತು ಉಣ್ಣುತ್ತಿದ್ದಾರೆ. ನಮ್ಮ ಪಂಚಾಯ್ತಿ ಲೆಕ್ಕವೇ ನೆನಪಾಯಿತು.

ಆ ಚಿಪ್ಪನ್ನು ಬೋರ್ಡಿನಿಂದ ಕಿತ್ತು ಬರೀ ತೂತಿನ ಹಲಗೆಗೆ ಬೆಸುಗೆ ಹಾಕಿದೆ. ಹೊರಗಿನ 16 ಮೆಗಾಹರ್ಟ್ಸ್ ಹರಳು ಬಿಟ್ಟು ಒಳಗಿನ 8 ಮೆಗಾಹರ್ಟ್ಸ್ ಗಡಿಯಾರಕ್ಕೆ ತಿರುಗಿಸಿದೆ. ಉಪಯೋಗವಿಲ್ಲದ ಎಡಿಸಿ ಆರಿಸಿದೆ. ವೋಲ್ಟೇಜು ಕುಸಿಯುತ್ತಿದೆಯೇ ಅಂತ ಸದಾ ನೋಡುವ ಬ್ರೌನ್-ಔಟ್ ಎಂಬುದನ್ನೂ ನಿದ್ದೆಯಲ್ಲಿ ಆರಿಸಿದೆ. ಖಾಲಿ ಪಿನ್ನುಗಳನ್ನು ಅತ್ತ ಇತ್ತ ತೂಗಾಡಲು ಬಿಡದೆ ಕಟ್ಟಿಹಾಕಿದೆ. ದೊಡ್ಡ ಸೆನ್ಸರಿನ ಬದಲು 2.7 ವೋಲ್ಟಿನಿಂದಲೇ ನಡೆಯುವ ಚಿಕ್ಕದನ್ನು ತಂದೆ. ಅದು ನೋಡುವ ದೂರ ಕಮ್ಮಿ, ಮೂರು ಮೀಟರಿನಷ್ಟು. ಉಣಗೋಲಿನ ಅಗಲಕ್ಕೆ ಧಾರಾಳ ಸಾಕು.

ಇಲ್ಲೊಂದು ಪೇಚು ಹೇಳಬೇಕು. ಮೊಬೈಲಿಗೆ ಚಾರ್ಜು ಮಾಡುವ ಪವರ್ ಬ್ಯಾಂಕಿಗೆ ಇದನ್ನು ಸಿಕ್ಕಿಸಿದೆ. ಒಂದು ನಿಮಿಷದೊಳಗೆ ಪವರ್ ಬ್ಯಾಂಕು ತಾನೇ ಆರಿಹೋಯಿತು. ಮತ್ತೆ ಹಾಕಿದೆ, ಮತ್ತೆ ಆರಿತು. ಆ ಪೆಟ್ಟಿಗೆಗಳ ಸ್ವಭಾವವೇ ಹಾಗಂತೆ. ಎಳೆಯುವ ಕರೆಂಟು ತೀರಾ ಕಮ್ಮಿಯಾದರೆ ಯಾರೂ ಉಣ್ಣುತ್ತಿಲ್ಲ ಅಂತ ತಿಳಿದು ಬಾಗಿಲು ಹಾಕಿಬಿಡುತ್ತವೆ. ಕಮ್ಮಿ ಉಣ್ಣುವವನು ಲೆಕ್ಕಕ್ಕೇ ಇಲ್ಲ. ಅದನ್ನು ಎತ್ತಿಟ್ಟು ಗೋಡೆ ಗಡಿಯಾರಕ್ಕೆ ಹಾಕುವ ನಮೂನೆಯ ಮೂರು ಸೆಲ್ಲು ಹಾಕಿದೆ, ನಾಲ್ಕೂವರೆ ವೋಲ್ಟು.

ಆಮೇಲೆ ಮೀಟರನ್ನು ಮೈಕ್ರೊ ಆಂಪಿಯರಿಗೆ ತಿರುಗಿಸಿ ನೋಡಿದರೆ 40. ಮಿಲಿ ಅಲ್ಲ, ಮೈಕ್ರೊ. ಮೊದಲು ಉಣ್ಣುತ್ತಿದ್ದುದರಲ್ಲಿ ಸಾವಿರದಲ್ಲಿ ಒಂದು ಪಾಲು. ಅದರಲ್ಲೂ ಬಹುಪಾಲು ಸೆನ್ಸರಿನದು, ಚಿಪ್ಪಿನದು ಒಂದು ಮೈಕ್ರೊ ಕೂಡ ಇಲ್ಲ. 2000 ಮಿಲಿ ಆಂಪಿಯರ್-ಗಂಟೆಯ ಸೆಲ್ಲಿನಲ್ಲಿ ಕಾಗದದ ಮೇಲೆ 50,000 ಗಂಟೆ, ಐದೂವರೆ ವರ್ಷದ ಮೇಲೆ. ಕಾಗದದ ಮೇಲೆ ಅಂತ ಯಾಕೆ ಹೇಳಿದೆ ಅಂದರೆ ಸೆಲ್ಲು ಇಟ್ಟಲ್ಲೇ ಹಳೆಯದಾಗುತ್ತೆ, ಬಜರು ಕೂಗಿದಾಗಲೆಲ್ಲ ದೊಡ್ಡ ತುತ್ತು ತೆಗೆಯುತ್ತೆ.

ನಾನು ಚಿಕ್ಕವನಾಗಿದ್ದಾಗ ನಮ್ಮ ಮನೆಗೆ ಭಾಗ್ಯಜ್ಯೋತಿಯ ಒಂದು ಬಲ್ಬು ಬಂತು, 40 ವ್ಯಾಟಿನದು. ಬೀಡಿ ಹೊಗೆಯ ಬಣ್ಣದ ಬೆಳಕು. ಅವ್ವ ಅದನ್ನೂ ಸೀಮೆಎಣ್ಣೆ ಬುಡ್ಡಿಯ ಹಾಗೇ ನೋಡಿಕೊಂಡಳು. ಉಂಡ ತಕ್ಷಣ ಆರಿಸು, ಪಾತ್ರೆ ತೊಳೆಯಲು ಬೆಳದಿಂಗಳು ಸಾಕು. ಓದುವ ನನಗೆ ಮಾತ್ರ ಒಂದು ಗಂಟೆ ಜಾಸ್ತಿ. 2023ರಲ್ಲಿ ಗೃಹಜ್ಯೋತಿ ಬಂದು ಬಿಲ್ಲೇ ಇಲ್ಲವಾದ ಮೇಲೂ ಅವಳ ಕೈ ಸ್ವಿಚ್ಚಿನ ಮೇಲೇ. ಲೆಕ್ಕ ಹಾಕಿ ನೋಡಿದೆ: ಆ ಬಲ್ಬು ಒಂದು ಗಂಟೆ ಉರಿಯಲು ಬೇಕಾದ ವಿದ್ಯುತ್ತಿನಲ್ಲಿ ನನ್ನ ಈ ಕಾವಲಿನವನು ಇಪ್ಪತ್ತೈದು ವರ್ಷ ಕಾಯಬಹುದು. ಅವ್ವನಿಗೆ ಹೇಳಿದೆ. "ಮತ್ತೆ, ಉಳ್ಸದ್ನ ನಿಂಗೆ ಕಲ್ಸಿದ್ದು ಯಾರು?" ಅಂದಳು.

ದೀಪಾವಳಿ ಕಳೆದ ವಾರ ತೋಟದಲ್ಲಿ ಕಟ್ಟಿದೆವು. ಮೊದಲ ರಾತ್ರಿಯೇ ಹನ್ನೊಂದು ಸಲ ಕೂಗಿತು. ನಾಯಿ, ಬೆಕ್ಕು, ಬೇಲಿಯ ಬಳ್ಳಿಯನ್ನು ಅಲ್ಲಾಡಿಸಿದ ಗಾಳಿ. ಒಂದು ಸುಳ್ಳು ಕೂಗು ಅಂದರೆ ಎರಡು ನಷ್ಟ, ಸೆಲ್ಲಿನದೊಂದು, ಚಿಕ್ಕಪ್ಪನ ನಿದ್ದೆಯದೊಂದು. ತಿದ್ದಿದೆ. ಒಂದು ಸಲ ತಟ್ಟಿದರೆ ಚಿಪ್ಪು ಕೂಗಬಾರದು, ಅರ್ಧ ನಿಮಿಷ ಅರೆನಿದ್ದೆಯಲ್ಲಿ ಕಾಯಬೇಕು, ಅಷ್ಟರೊಳಗೆ ಎರಡನೇ ಸಲ ತಟ್ಟಿದರೆ ಮಾತ್ರ ಕೂಗಬೇಕು. ಈ ಅರೆನಿದ್ದೆಯನ್ನು ಎಣಿಸಲು ಚಿಪ್ಪಿನೊಳಗೆ ಬೇರೆ ಒಂದು ಸಣ್ಣ ಗಡಿಯಾರ ಇದೆ. ಒಂದು ಸಲಕ್ಕೆ ಎಂಟು ಸೆಕೆಂಡಿನವರೆಗೆ ಎಣಿಸುತ್ತೆ, ನಾಲ್ಕು ಸಲ ಎಣಿಸಿದರೆ ಅರ್ಧ ನಿಮಿಷ. ಉಣ್ಣೋದು ಐದಾರು ಮೈಕ್ರೊ. ಅದರ ಹೆಸರು ವಾಚ್‌ಡಾಗ್. ಕಾವಲುನಾಯಿ. ಹೆಸರಿಟ್ಟವರು ಯಾರೋ, ತಾತನನ್ನೂ ಊರವರು ಹಾಗೇ ಕರೆಯುತ್ತಿದ್ದರು.

ಇನ್ನೊಂದು ಮಾತು, ಮಾಡಿ ನೋಡುವವರಿಗೆ. ಬೇಸಿಗೆಯ ನಡುಹಗಲಲ್ಲಿ ಇದನ್ನು ನಂಬಬೇಡಿ. ನೆಲದ ಬಿಸಿಯೂ ಮೈ ಬಿಸಿಯೂ ಒಂದೇ ಆದಾಗ ಸೆನ್ಸರಿಗೆ ವ್ಯತ್ಯಾಸ ಕಾಣೋದಿಲ್ಲ. ಸೆಲ್ಲು ಹಾಕಿದ ಮೇಲೆ ಒಂದು ನಿಮಿಷ ಅದರ ಮುಂದೆ ಸುಳಿಯಬೇಡಿ, ಅದು ಮೊದಲು ಸುತ್ತಿನ ಬಿಸಿಗೆ ಹೊಂದಿಕೊಳ್ಳಬೇಕು. ತಂತಿಯನ್ನು ಇಲಿ ಕಡಿಯುತ್ತೆ, ಕೊಳವೆಯಲ್ಲಿ ಹಾಯಿಸಿ.

ಚಿಕ್ಕಪ್ಪ ಮಲಗಿದ. ಮೊದಲ ವಾರ ಅವನಿಗೆ ನಿದ್ದೆ ಬರಲಿಲ್ಲ, ಅಭ್ಯಾಸ ತಪ್ಪಿತ್ತು. ಕೂಗುತ್ತೋ ಇಲ್ಲವೋ ಅಂತ ಅದನ್ನೇ ಕಾಯುತ್ತಾ ಕೂರುತ್ತಿದ್ದ. ಆಮೇಲೆ ಒಗ್ಗಿತು. ಪುಷ್ಯದಲ್ಲಿ ಒಂದು ರಾತ್ರಿ ಎರಡು ಗಂಟೆಗೆ ಕೂಗಿದಾಗ ಎದ್ದು ಟಾರ್ಚು ಬಿಟ್ಟನಂತೆ. ಇಬ್ಬರು ಬೈಕು ಹತ್ತಿ ಓಡಿದರು. ಕೇಬಲ್ಲು ಉಳಿಯಿತು. ಅವನ ಕಣ್ಣಿನ ಕೆಂಪು ಈಗ ಅರ್ಧ ಇಳಿದಿದೆ.

ಯಜಮಾನರಿಗೆ ಸುದ್ದಿ ಮುಟ್ಟಿತು. ಕರೆಸಿದರು. ಇಬ್ಬರೂ ಹೋದೆವು. ನನ್ನನ್ನು "ಬನ್ನಿ ಮೇಷ್ಟ್ರೇ" ಅಂದರು, ಚಿಕ್ಕಪ್ಪನನ್ನು "ಲೇ" ಅಂದರು. ಕಾಫಿ ಬಂತು. ಅವರಿಗೆ ಸ್ಟೀಲು ಲೋಟ, ನಮ್ಮಿಬ್ಬರಿಗೂ ಪೇಪರ್ ಲೋಟ. ಅಷ್ಟರ ಮಟ್ಟಿಗೆ ಮೇಷ್ಟ್ರಿಗೂ ಕಾವಲಿನವನಿಗೂ ಸಮಾನತೆ ಬಂದಿದೆ. ಯಂತ್ರವನ್ನು ಹೊಗಳಿದರು. ಇನ್ನೊಂದು ತೋಟಕ್ಕೆ ಎರಡು ಬೇಕು ಅಂದರು. ದುಡ್ಡು ಎಷ್ಟಾದರೂ ಕೊಡ್ತೀನಿ ಅಂದರು. ಕೊನೆಗೆ ಬಂದದ್ದು ಮಾತು: "ಈಗ ಮಿಷನ್ ಕಾಯ್ತದೆ, ಇವ್ನು ಮಲಗ್ತಾನೆ. ಮಲಗೋಕೆ ಪೂರಾ ಸಂಬಳ ಅಂದ್ರೆ ಹೆಂಗೆ ಮೇಷ್ಟ್ರೇ? ಅರ್ಧ ಮಾಡೋಣ."

ಅವತ್ತು ಕಣ್ಣು ಹತ್ತಿದ್ದಕ್ಕೆ ಮೂರು ತಿಂಗಳು ಹಿಡಿದರು. ಇವತ್ತು ಕೆಲಸ ಕೆಡದ ಹಾಗೆ ಮಲಗಿದ್ದಕ್ಕೆ ಅರ್ಧ ಹಿಡಿಯುತ್ತಾರೆ.

ನನಗೆ ತಲೆಯೊಳಗೆ ಗುಂಯ್ ಅಂದಿತು. ಯಾಕೆ ಅಂದರೆ ಈ ತಪ್ಪು ನನ್ನದು. ನಾನು ಬರೀ ಕರೆಂಟಿನ ಲೆಕ್ಕ ಹಾಕುತ್ತಾ ಕೂತಿದ್ದೆ, ಉಳಿದದ್ದು ಯಾರ ಜೇಬಿಗೆ ಹೋಗುತ್ತೆ ಅಂತ ಕೇಳಲೇ ಇಲ್ಲ. ನಗರಗಳಲ್ಲಿ ಹನ್ನೆರಡು ಗಂಟೆ ಪಾಳಿಯಲ್ಲಿ ಸೆಕ್ಯುರಿಟಿ ಅಂತ ನಿಂತಿರುವ ನಮ್ಮ ಹುಡುಗರ ಮುಖಗಳೂ ನೆನಪಾದವು. ಒಂದು ಕ್ಯಾಮೆರಾ ಬಂದಾಗ ಮೂರು ಜನರಲ್ಲಿ ಇಬ್ಬರನ್ನು ಕಳಿಸಿದ ಕಥೆಯನ್ನು ಬೆಂಗಳೂರಿನಿಂದ ಬಂದ ಒಬ್ಬ ಹಳೆಯ ಶಿಷ್ಯ ಹೇಳಿದ್ದ.

ಜೇಬಿನಲ್ಲಿ ಮೀಟರಿತ್ತು. ತೆಗೆದು ತೋರಿಸಿದೆ. "ನೋಡಿ ಯಜಮಾನ್ರೇ, ಈ ಮಿಷನ್ನು ಈಗ ಮಲಗೈತೆ. ಆದ್ರೂ ನಲವತ್ತು ಮೈಕ್ರೊ ಉಣ್ತಾ ಐತೆ. ಯಾಕೆ? ಕರೆದಾಗ ಏಳ್ಬೇಕಲ್ಲ, ಅದಕ್ಕೆ. ಅದನ್ನ ಅರ್ಧ ಮಾಡಿ ನೋಡಿ, ಮೂರು ಸೆಲ್ಲಿನಲ್ಲಿ ಒಂದೂವರೆ ತೆಗೀರಿ. ಕೂಗುತ್ತಾ?" ಯಜಮಾನರು ನಕ್ಕರು. "ನಿಮ್ಮ ಸೈನ್ಸು ಚೆನ್ನಾಗೈತೆ" ಅಂದರು. ಚಿಕ್ಕಪ್ಪ ನೆಲ ನೋಡುತ್ತಾ ಕೂತಿದ್ದ. ನಾನು ಮತ್ತೆ ಹೇಳಿದೆ. ಮಿಷನ್ನು ಕೂಗುತ್ತೆ ಅಷ್ಟೇ, ಟಾರ್ಚು ಹಿಡಿದು ಕತ್ತಲಿಗೆ ನುಗ್ಗೋನು ಮನುಷ್ಯ. ಆ ಬೈಕಿನವರ ಕೈಯಲ್ಲಿ ಮಚ್ಚು ಇದ್ದಿದ್ದರೆ ಏಟು ತಿನ್ನೋನು ಚಿಪ್ಪಲ್ಲ. ಇದಕ್ಕೆ ಅವರು ನಗಲಿಲ್ಲ.

ದಾರಿಯಲ್ಲಿ ಚಿಕ್ಕಪ್ಪ ಅಂದ: "ಕಿತ್ತಾಕ್ಬುಡು ಮಗ. ನಂಗೆ ನಿದ್ದೆ ಬ್ಯಾಡ, ಸಂಬಳ ಸಾಕು." ನಾನು ಉತ್ತರ ಕೊಡಲಿಲ್ಲ. ಆ ರಾತ್ರಿ ಅವನ ಜೊತೆಗೇ ತೋಟಕ್ಕೆ ಹೋಗಿ ಗುಡಿಸಲಲ್ಲಿ ಉಳಿದೆ. ಅವನು ಸೆಲ್ಲು ಕಿತ್ತು ಅಂಗಿ ಜೇಬಿಗೆ ಹಾಕಿಕೊಂಡು ಬೀಡಿ ಹಚ್ಚಿ ಕೂತ. ಮೂರು ಗಂಟೆಯ ಹೊತ್ತಿಗೆ ತಲೆ ತೂಗತೊಡಗಿತು. ಅರವತ್ತು ದಾಟಿದ ಮೈ. ನಾನೇ ಅವನ ಜೇಬಿನಿಂದ ಸೆಲ್ಲು ತೆಗೆದು ಮತ್ತೆ ಹಾಕಿದೆ.

ಕೇರಿಯ ಹುಡುಗರು ನಾಲ್ಕು ಜನ ಸೇರಿ ಯಜಮಾನರ ಮನೆಗೆ ಎರಡು ಸಲ ಹೋಗಿ ಬಂದಿದ್ದಾರೆ. ಈ ಯುಗಾದಿಯವರೆಗೆ ಪೂರಾ ಸಂಬಳ ಕೊಟ್ಟಿದ್ದಾರೆ. ಹಿಡಿದುಕೊಂಡ ಮೂರು ತಿಂಗಳದು ಇನ್ನೂ ಬಂದಿಲ್ಲ. ಎರಡು ಯಂತ್ರ ಮಾಡಿಕೊಡಲು ನಾನು ಹೇಳಿರುವ ಷರತ್ತು ಒಂದೇ: ಮಲಗಿದ್ದರೂ ಎಚ್ಚರವಿದ್ದರೂ ಕಾವಲಿನವನಿಗೆ ಪೂರಾ ಸಂಬಳ ಅಂತ ಕಾಗದದ ಮೇಲೆ ಬರೆದು ಸಹಿ ಹಾಕಬೇಕು, ಹಿಡಿದದ್ದನ್ನು ವಾಪಸು ಕೊಡಬೇಕು. ಯೋಚನೆ ಮಾಡ್ತೀನಿ ಅಂದಿದ್ದಾರೆ. ಸೆನ್ಸರುಗಳು, ಚಿಪ್ಪುಗಳು ನನ್ನ ಮೇಜಿನ ಖಾನೆಯಲ್ಲಿ ಹಾಗೇ ಇವೆ. ತೋಟದ ಯಂತ್ರಕ್ಕೆ ದೀಪಾವಳಿಯಲ್ಲಿ ಹಾಕಿದ ಸೆಲ್ಲು ಇನ್ನೂ ಬದಲಾಯಿಸಿಲ್ಲ.